ಚೇಳಿನ ಲಾಂಛನದ ಫಿಯೆಟ್ಟು

ಮುಂಬಯಿಯಲ್ಲಿ ಟರ್ಬೊ ಕಾರೊಂದನ್ನು ಸಾಕಿಕೊಂಡಿರುವ ಹವ್ಯಾಸಿಗೆ ಪ್ರಬಲನಾದ ವೈರಿ ಯಾರೆಂದು ಕೇಳಿದರೆ, ಈ ವ್ಯಸನಕ್ಕೆ ಹೊಸದಾಗಿ ಬಿದ್ದವರು ರಸ್ತೆಯ ಹೊಂಡಗಳನ್ನು ಹೇಳುತ್ತಾರೆ. ಇನ್ನು ಕೆಲವರು ಬಿಡಿಭಾಗಗಳ ಅಭಾವವನ್ನು ಹೇಳುತ್ತಾರೆ. ಆದರೆ ಇಂಥ ಯಂತ್ರದ ಸಹವಾಸದಲ್ಲಿ ಹಲವು ಬೇಸಿಗೆಗಳನ್ನು ಈ ನಗರದಲ್ಲಿಯೇ ಕಳೆದವನು ಮಾತ್ರ, ಎಳ್ಳಷ್ಟೂ ಸಂಶಯಪಡದೆ, ಅದು ಕಾವು ಎಂದು ಉತ್ತರ ಕೊಟ್ಟಾನು. ಮೇ ತಿಂಗಳಿನ ಅಪರಾಹ್ನದಲ್ಲಿ ಸಾಯನ್ನಿನಿಂದ ಘಾಟ್‌ಕೋಪರಿನ ಕಡೆಗೆ ತೆವಳುವ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಾಗ, ಎಂಜಿನ್ನಿಗೆ ಹೋಗುವ ಗಾಳಿಯನ್ನು ತಂಪಾಗಿಸಲು ಎದುರುಗಾಳಿಯೊಂದನ್ನೇ ನೆಚ್ಚಿ ಕುಳಿತಿರುವ ಇಂಟರ್‌ಕೂಲರಿಗೆ ಆ ಗಾಳಿಯೇ ದೊರೆಯದೆ, ಬಾನೆಟ್ಟಿನ ಕೆಳಗಿನ ಲೋಹವೆಲ್ಲ ಕಾದು, ಕಡೆಗೊಮ್ಮೆ ಹಾದಿ ತೆರೆದು ಆಕ್ಸಿಲರೇಟರನ್ನು ತುಳಿದಾಗ, ಅದೇ ಕಾರು ಬೆಳಗಿನ ಜಾವದಲ್ಲಿ ತೋರಿದ್ದ ಉತ್ಸಾಹವನ್ನು ಎಲ್ಲಿಯೋ ಕಳೆದುಕೊಂಡಂತಿರುವುದು ಟರ್ಬೊ ಮಾಲೀಕರೆಲ್ಲರಿಗೂ ಪರಿಚಿತವಾದ ಸಂಗತಿ. ಆದಕಾರಣ ಈ ನಗರದಲ್ಲಿ ಶಕ್ತಿಯನ್ನು ಹೆಚ್ಚಿಸುವ ಮಾತಿಗೆ ಮುನ್ನ ಕಾವನ್ನು ಇಳಿಸುವ ಮಾತು ನಡೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಟರ್ಬೊದ ತತ್ತ್ವವೇನೂ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಖಿ 1905ರಲ್ಲಿಯೇ ಅದಕ್ಕೆ ಪೇಟೆಂಟು ಪಡೆದಿದ್ದನು. ಸೈಲೆನ್ಸರಿನ ದಾರಿಯಾಗಿ ವ್ಯರ್ಥವಾಗಿ ಹೊರಟುಹೋಗುವ ಬಿಸಿ ಹೊಗೆಯಿಂದ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಮತ್ತೊಂದು ಚಕ್ರದಿಂದ ಹೊರಗಿನ ಗಾಳಿಯನ್ನು ಅದುಮಿ ಎಂಜಿನ್ನಿಗೆ ಊಡುವ ಈ ಉಪಾಯವು, ಕಮ್ಮಾರನ ತಿದಿ ಕುಲುಮೆಯ ಬೆಂಕಿಗೆ ಮಾಡುವ ಉಪಕಾರವನ್ನೇ ಪೆಟ್ರೋಲಿನ ಬೆಂಕಿಗೂ ಮಾಡುತ್ತದೆ. ಆದರೆ ತಿದಿಯ ಗಾಳಿ ತಣ್ಣಗಿರುತ್ತದೆ. ಟರ್ಬೊದ ಗಾಳಿ ಹಾಗಲ್ಲ. 35 ಡಿಗ್ರಿಯ ಮುಂಬಯಿಯ ಗಾಳಿಯನ್ನು ವಾಯುಮಂಡಲದ ಒತ್ತಡದ ಎರಡರಷ್ಟಕ್ಕೆ ಅದುಮಿದರೆ ಅದರ ಉಷ್ಣತೆ 120 ಡಿಗ್ರಿಯನ್ನು ಮೀರುತ್ತದೆ. ಬಿಸಿಯಾದ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿಯಲ್ಲಿ ಆಮ್ಲಜನಕ ವಿರಳವಾಗುತ್ತದೆ. ಅದಕ್ಕಿಂತಲೂ ಅಪಾಯಕರವಾದುದೆಂದರೆ, ಕಿಡಿಯಿಂದ ಹೊತ್ತಿದ ಜ್ವಾಲೆ ತಲುಪುವುದಕ್ಕೆ ಮೊದಲೇ ಸಿಲಿಂಡರಿನ ಅಂಚಿನಲ್ಲಿರುವ ಮಿಶ್ರಣ ತಾನಾಗಿಯೇ ಸಿಡಿದು ಪಿಸ್ಟನ್ನಿಗೆ ಆಘಾತವನ್ನುಂಟುಮಾಡುವುದು, ಅಂದರೆ ನಾಕಿಂಗ್. ಸೆನ್ಸರಿನ ಮೂಲಕ ಇದನ್ನು ಅರಿತ ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಗಣಕವು, ಕಿಡಿ ಹಾರುವುದನ್ನು ತುಸು ತಡಮಾಡಿ ಎಂಜಿನ್ನನ್ನು ಉಳಿಸಿಕೊಳ್ಳುತ್ತದೆ. ಟ್ರಾಫಿಕ್ಕಿನಲ್ಲಿ ಮಾಯವಾದ ಆ ಉತ್ಸಾಹ ಈ ರಕ್ಷಣೆಗೆ ನಾವು ತೆತ್ತ ಬೆಲೆ.

ನನ್ನ ಪ್ರೀತಿಗೆ ಪಾತ್ರವಾದುದು 2015ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂದ ಅಬಾರ್ತ್ ಪುಂಟೊ. ಪುಣೆಯ ಬಳಿಯ ರಾಂಜಣಗಾಂವಿನ ಕಾರ್ಖಾನೆಯಲ್ಲಿ ತಯಾರಾದ ಈ ಕಾರಿನಲ್ಲಿರುವುದು 1368 ಸಿಸಿಯ ಟಿ-ಜೆಟ್ ಎಂಜಿನ್; ಶಕ್ತಿ 145 ಅಶ್ವಶಕ್ತಿ, ತಿರುಚುಬಲ 212 ನ್ಯೂಟನ್ ಮೀಟರ್; ನಾಲ್ಕು ಚಕ್ರಗಳಿಗೂ ಡಿಸ್ಕ್ ಬ್ರೇಕು. ಹತ್ತು ಲಕ್ಷದೊಳಗಿನ ಬೆಲೆಗೆ ಇಷ್ಟು ಶಕ್ತಿಯನ್ನು ಆಗ ಬೇರೆ ಯಾರೂ ಕೊಡುತ್ತಿರಲಿಲ್ಲ. ಇದರ ಮೂತಿಯ ಮೇಲಿರುವ ಚೇಳು, 1908ರ ನವೆಂಬರಿನಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಕಾರ್ಲೊ ಅಬಾರ್ತನ ಜನ್ಮರಾಶಿಯ ಗುರುತು. 1949ರಲ್ಲಿ ಇಟಲಿಯಲ್ಲಿ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದ ಆತನು, ಜನಸಾಮಾನ್ಯರ ಫಿಯೆಟ್ 500 ಮತ್ತು 600 ಕಾರುಗಳಿಗೆ ಉತ್ತಮ ಸೈಲೆನ್ಸರುಗಳನ್ನೂ ಎಂಜಿನ್ನನ್ನು ಚುರುಕುಗೊಳಿಸುವ ಸಾಮಗ್ರಿಗಳನ್ನೂ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದನು. 1971ರಲ್ಲಿ ಸಂಸ್ಥೆ ಫಿಯೆಟ್ಟಿನ ವಶವಾಯಿತು. ಹೀಗೆ ಸಾಧಾರಣವಾದುದೊಂದನ್ನು ಕೈಕೆಲಸದಿಂದ ಅಸಾಧಾರಣವಾಗಿಸುವ ಹವ್ಯಾಸಿಯ ಆಸೆಗೆ ಈ ಲಾಂಛನಕ್ಕಿಂತ ಉಚಿತವಾದ ಮತ್ತೊಂದು ಸಿಗಲಾರದು.

ಫಿಯೆಟ್ಟಿಗೂ ಮುಂಬಯಿಗೂ ಇರುವ ನಂಟನ್ನು ಕನ್ನಡಿಗರಾದ ನಾವು ಅಭಿಮಾನದಿಂದ ಸ್ಮರಿಸಬೇಕಾದ ಕಾರಣವೊಂದುಂಟು. ಭಾರತದಲ್ಲಿಯೇ ಮೋಟಾರು ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ, ಯೋಜನೆಯನ್ನು ಸಿದ್ಧಪಡಿಸಿ, ಮುಂಬಯಿ ಮೈಸೂರುಗಳೆರಡರಲ್ಲಿಯೂ ಅದಕ್ಕಾಗಿ ಶ್ರಮಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು, ಆ ಸಂಕಲ್ಪವನ್ನು ಕೈಗೆತ್ತಿಕೊಂಡು ನಡೆಸಿದವರು ವಾಲ್‌ಚಂದ್ ಹೀರಾಚಂದರು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಗಿ, ಕುರ್ಲಾದ ಕಾರ್ಖಾನೆಯಿಂದ ಹೊರಬಂದ ಫಿಯೆಟ್ 1100, ಮುಂದೆ ಪದ್ಮಿನಿ ಎಂಬ ಹೆಸರನ್ನು ಧರಿಸಿ, ಕಪ್ಪು ಹಳದಿ ಟ್ಯಾಕ್ಸಿಯಾಗಿ 2023ರ ಅಕ್ಟೋಬರಿನವರೆಗೂ ಈ ನಗರವನ್ನು ಹೊತ್ತು ತಿರುಗಿತು. ಮಾಹಿಮಿನ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರಕ್ಕೆ ನಾಟಕಕ್ಕೋ ಉಪನ್ಯಾಸಕ್ಕೋ ಹೋಗುವ ನಮ್ಮವರಲ್ಲಿ ಬಹಳ ಮಂದಿ, ಆ ಮಹನೀಯರನ್ನು ಅಣೆಕಟ್ಟಿನೊಂದಿಗೆ ಮಾತ್ರ ನೆನೆಯುತ್ತಾರೆ. ಮುಂಬಯಿಯ ಟ್ಯಾಕ್ಸಿಯೊಂದಿಗೂ ನೆನೆಯಬೇಕು.

ಫಿಯೆಟ್ಟನ್ನು ಬಲ್ಲ ಕುರ್ಲಾದ ವಿದ್ಯೆ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಬಿಎಸ್-6 ನಿಯಮ ಜಾರಿಗೆ ಬರುವ ಮೊದಲೇ ಫಿಯೆಟ್ ಕಾರುಗಳು ನಮ್ಮ ದೇಶದಲ್ಲಿ ನಿಂತುಹೋದುದರಿಂದ, ಅಬಾರ್ತಿನ ಮಾಲೀಕನು ಸಿಎಸ್‌ಟಿ ರಸ್ತೆಯ ಗುಜರಿ ಅಂಗಡಿಗಳನ್ನೂ ಒಪೆರಾ ಹೌಸಿನ ಬಿಡಿಭಾಗಗಳ ಮಳಿಗೆಗಳನ್ನೂ ಆಶ್ರಯಿಸದೆ ಗತಿಯಿಲ್ಲ. ಅಲ್ಲಿ ಮುರಿದ ಲಿನಿಯಾ, ಮುರಿದ ಪುಂಟೊಗಳ ರಾಶಿಯ ನಡುವೆ ಬೇಕಾದ ಹೋಸ್ ಪೈಪು ಯಾವುದೆಂದು ಬಾಗಿಲಿನಿಂದಲೇ ಬೆರಳು ಮಾಡಿ ತೋರಿಸಬಲ್ಲ ಉಸ್ತಾದರಿನ್ನೂ ಇದ್ದಾರೆ.

ಇನ್ನು ಪಾಲನೆಯ ವಿಷಯ. ಮುಂಬಯಿಯಲ್ಲಿ ಕಾರಿನ ಮೀಟರು ಸತ್ಯವನ್ನು ಅರ್ಧ ಮಾತ್ರ ಹೇಳುತ್ತದೆ. ಅಂಧೇರಿಯಿಂದ ನರಿಮನ್ ಪಾಯಿಂಟಿಗೆ ಹೋಗಿಬರುವಷ್ಟರಲ್ಲಿ ಓಡಿದ ದೂರ ಅಲ್ಪ, ಎಂಜಿನ್ ದುಡಿದ ಗಂಟೆಗಳು ಅನೇಕ. ಆದ್ದರಿಂದ ಆಯಿಲನ್ನು ಕಿಲೋಮೀಟರುಗಳ ಲೆಕ್ಕದಲ್ಲಿ ಅಲ್ಲ, ತಿಂಗಳುಗಳ ಲೆಕ್ಕದಲ್ಲಿ ಬದಲಿಸಬೇಕು. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಟರ್ಬೊದ ದಂಡವು ಲೋಹವನ್ನು ಮುಟ್ಟದೆ ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತಿರುತ್ತದೆ. ಹೆದ್ದಾರಿಯಲ್ಲಿ ವೇಗವಾಗಿ ಬಂದು ಒಡನೆಯೇ ಎಂಜಿನ್ ನಿಲ್ಲಿಸಿದರೆ, ಹರಿವು ನಿಂತ ಎಣ್ಣೆ ಕಾದ ದಂಡದ ಮೇಲೆ ಸುಟ್ಟು ಇದ್ದಿಲಾಗುತ್ತದೆ. ನೀರಿನಿಂದ ತಂಪಾಗುವ ಟರ್ಬೊಗಳಲ್ಲಿಯೂ, ಮನೆಗೆ ತಲುಪುವ ಕೊನೆಯ ಎರಡು ಕಿಲೋಮೀಟರನ್ನು ಮೆಲ್ಲಗೆ ಓಡಿಸಿ ತರುವ ಅಭ್ಯಾಸ ಯಾವ ದುಬಾರಿ ಉಪಕರಣಕ್ಕಿಂತಲೂ ಹೆಚ್ಚು ಫಲ ಕೊಡುತ್ತದೆ. ಟೈಮಿಂಗ್ ಬೆಲ್ಟಿಗೂ ಆಯಿಲಿನಂತೆ ಕಾಲದ ಲೆಕ್ಕವೇ ಸಲ್ಲುತ್ತದೆ: ರಬ್ಬರು ಓಟದಿಂದ ಮಾತ್ರವಲ್ಲ, ವಯಸ್ಸಿನಿಂದಲೂ ಹಾಳಾಗುತ್ತದೆ.

ಬೂಸ್ಟ್ ಸೋರಿಕೆಯನ್ನು, ಅಂದರೆ ಟರ್ಬೊ ಅದುಮಿದ ಗಾಳಿ ಸೋರುವ ಜಾಗವನ್ನು, ಹುಡುಕುವ ಕೆಲಸವನ್ನು ಮಾತ್ರ ಸ್ವಲ್ಪ ವಿಸ್ತರಿಸಿ ಹೇಳಬೇಕು. ಏಕೆಂದರೆ ಟರ್ಬೊವೇ ಹೋಯಿತೆಂದು ನಂಬಿ ಸಾವಿರಾರು ರೂಪಾಯಿಗಳನ್ನು ಕಳೆದುಕೊಂಡವರಲ್ಲಿ ಹಲವರ ಕಾರುಗಳಲ್ಲಿ ಹೋಗಿದ್ದುದು ಒಂದು ರಬ್ಬರ್ ಪೈಪು. ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಟರ್ಬೊದ ಬಾಯಿಗೆ ಮುಚ್ಚಳವೊಂದನ್ನು ಬಿಗಿದು, ಅದರಲ್ಲಿ ಕೂರಿಸಿದ ವಾಲ್ವಿನ ಮೂಲಕ ಟೈರಿಗೆ ಗಾಳಿ ತುಂಬುವ ಪಂಪಿನಿಂದ ಹದವಾದ ಒತ್ತಡವನ್ನು ಕೊಡಬೇಕು. ಅನಂತರ ಸೋಪಿನ ನೀರನ್ನು ಪ್ರತಿಯೊಂದು ಕೂಡುಗೆಯ ಮೇಲೂ ಸವರುತ್ತಾ ಬಂದರೆ, ಇಂಟರ್‌ಕೂಲರಿನ ಕೆಳಗಿನ ಹೋಸಿನಲ್ಲಿ, ಕ್ಲಿಪ್ಪಿನ ಅಂಚಿಗೆ ಸರಿಯಾಗಿ, ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತವೆ. ಕ್ಲಿಪ್ಪನ್ನು ಸಡಿಲಿಸಿ ಪೈಪನ್ನು ಬಗ್ಗಿಸಿದ ಹೊರತು ಆ ಬಿರುಕು ಕಣ್ಣಿಗೆ ಬೀಳುವುದಿಲ್ಲ. ಆದರೆ ಅದರ ಸುತ್ತ ಧೂಳು ಮೆತ್ತಿದ ಎಣ್ಣೆಯ ತೆಳುವಾದ ಕರೆಯೊಂದು ಬಹುದಿನಗಳಿಂದಲೂ ಸಾಕ್ಷಿ ಹೇಳುತ್ತಲೇ ಇರುತ್ತದೆ. ಅದೇ ಹೊತ್ತಿನಲ್ಲಿ ಸೈಲೆನ್ಸರಿನ ಫ್ಲಾಂಜಿನ ಬೋಲ್ಟುಗಳನ್ನೂ ನೋಡಬೇಕು: ಸಮುದ್ರದ ಉಪ್ಪುಗಾಳಿಗೆ ಅವು ತುಕ್ಕುಹಿಡಿದು, ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿರದಿದ್ದರೆ ಪಾನಾ ಹಾಕಿದೊಡನೆ ಮುರಿದು ಕೈಗೆ ಬರುತ್ತವೆ.

ಹೀಗೆ ಯಂತ್ರ ಸುಸ್ಥಿತಿಗೆ ಬಂದ ಮೇಲೆ ಮಾರ್ಪಾಟಿನ ಮಾತು. ಮೊದಲ ಸ್ಥಾನ ದೊಡ್ಡ ಇಂಟರ್‌ಕೂಲರಿಗೆ. ಎರಡನೆಯದು ಸ್ಪಾರ್ಕ್ ಪ್ಲಗ್ಗುಗಳಿಗೆ. ಒತ್ತಡ ಹೆಚ್ಚಾದ ಗಾಳಿಯಲ್ಲಿ ಕಿಡಿ ಹಾರುವುದು ಕಷ್ಟವಾದುದರಿಂದ ಪ್ಲಗ್ಗಿನ ಅಂತರವನ್ನು ಕಡಮೆ ಮಾಡಿ, ಸುಮಾರು 0.7 ಮಿಲಿಮೀಟರಿಗೆ ಇಡುವುದು ಹವ್ಯಾಸಿಗಳ ರೂಢಿ. ರಿಮ್ಯಾಪ್ ಕಡೆಯದು. ಇಸಿಯುವಿನ ಲೆಕ್ಕಾಚಾರವನ್ನು ಬದಲಿಸಿ 20-30 ಅಶ್ವಶಕ್ತಿಯನ್ನು ಪಡೆಯುವುದು ಒಂದು ಮಧ್ಯಾಹ್ನದ ಕೆಲಸವಾದರೂ, ಹೆಚ್ಚಿನ ಆಕ್ಟೇನಿನ ಪೆಟ್ರೋಲಿಗಾಗಿ ಬರೆದ ಮ್ಯಾಪಿಗೆ ಸದಾ ಅದೇ ಪೆಟ್ರೋಲನ್ನು ಹಾಕುವ ನಿಷ್ಠೆ ಬೇಕು. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ 100 ಆಕ್ಟೇನಿನ ಪೆಟ್ರೋಲನ್ನು ತಂದ ಮೊದಲ ನಗರಗಳಲ್ಲಿ ಮುಂಬಯಿಯೂ ಒಂದಾದುದರಿಂದ ಅದು ನಮಗೆ ಅಸಾಧ್ಯವೇನಲ್ಲ.

ಒಂದು ಮಾರ್ಪಾಟನ್ನಂತೂ ಈ ನಗರದಲ್ಲಿ ಯಾರೂ ಮಾಡಬಾರದು. ಏರ್ ಫಿಲ್ಟರನ್ನು ಬಂಪರಿನ ತಳಕ್ಕೆ ಇಳಿಸಿ ತಣ್ಣನೆಯ ಗಾಳಿಯನ್ನು ಎಳೆಯುವ ಏರ್ಪಾಡು ಒಣನಾಡಿಗೆ ಸರಿ. ಆದರೆ ಹಿಂದ್‌ಮಾತಾ, ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇಗಳಂಥ, ಮಳೆಗೆ ನೀರು ನಿಲ್ಲುವ ತಗ್ಗುಗಳಿರುವ ಊರಿನಲ್ಲಿ, 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆಯನ್ನು ಕಂಡ ಊರಿನಲ್ಲಿ, ಅದು ಎಂಜಿನ್ನಿಗೆ ನೀರು ಕುಡಿಸುವ ದಾರಿ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಸಿಲಿಂಡರಿಗೆ ನೀರು ನುಗ್ಗಿದರೆ ಬಾಗುವುದು ಕನೆಕ್ಟಿಂಗ್ ರಾಡು. ನಾವೆಲ್ಲ ಅಣ್ಣ ಎಂದು ಕರೆಯುವ ಕುಂದಾಪುರದ ಕಡೆಯ ಹಿರಿಯ ಮೆಕ್ಯಾನಿಕರೊಬ್ಬರು ಪ್ರತಿ ಜೂನಿನಲ್ಲಿಯೂ ಎಲ್ಲರಿಗೂ ಹೇಳುವ ಮಾತಿದು: “ನೀರಲ್ಲಿ ಗಾಡಿ ಬಂದ್ ಬಿತ್ತು ಅಂದ್ರೆ ಮತ್ತೆ ಸೆಲ್ಫ್ ಹೊಡೀಬೇಡಿ ಮಾರಾಯ್ರೆ. ದೂಡಿ, ಇಲ್ಲಾಂದ್ರೆ ಟೋ ಮಾಡ್ಸಿ. ಸೆಲ್ಫ್ ಹೊಡೆದ್ರೆ ಎಂಜಿನ್ ಬಿಚ್ಚೂದೇ.”

ಶಬ್ದದ ವಿಷಯದಲ್ಲಿ ನನಗೆ ರಾಜಿಯಿಲ್ಲ. ಕ್ಯಾಟಲಿಟಿಕ್ ಕನ್ವರ್ಟರನ್ನು ಕಿತ್ತುಹಾಕಿ, ಮರೀನ್ ಡ್ರೈವಿನಲ್ಲಿ ಅರ್ಧರಾತ್ರಿ ಸಿಡಿಗುಂಡಿನ ಸದ್ದು ಮಾಡುತ್ತಾ ಸಾಗುವವರು ಮಲಗಿದ ಮಕ್ಕಳಿಗೂ ರೋಗಿಗಳಿಗೂ ಮಾಡುವ ಅಪಚಾರ ಹವ್ಯಾಸದ ಹೆಸರಿನಲ್ಲಿ ಕ್ಷಮಾರ್ಹವಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ರಿಮ್ಯಾಪಿಗೆ ಕೈಹಾಕುವವನು ಈ ಕಲಮನ್ನು ಓದಿ, ವಿಮಾ ಕಂಪನಿಯೊಡನೆ ಮಾತಾಡಿದ ಮೇಲೆಯೇ ನಿರ್ಧರಿಸುವುದು ವಿಹಿತ. ವೇಗವನ್ನು ಅಳೆಯುವ ಹಂಬಲವಿದ್ದವರಿಗೆ ಕೊಯಮತ್ತೂರಿನ ಕರಿ ಟ್ರ್ಯಾಕು ಇದೆ, ಮದರಾಸಿನ ಬಳಿ ಇರುಂಗಾಟುಕೋಟೆಯ ಟ್ರ್ಯಾಕು ಇದೆ. ಸೀ ಲಿಂಕ್ ಆಗಲಿ ಅಟಲ್ ಸೇತುವಾಗಲಿ ಅದಕ್ಕೆ ತಾಣವಲ್ಲ.

ಶಕ್ತಿಯನ್ನು ಹೆಚ್ಚಿಸಿಕೊಂಡವನು ಬ್ರೇಕ್ ಆಯಿಲನ್ನು ಮರೆಯುವುದು ಮಾತ್ರ ನಾನು ಪದೇ ಪದೇ ಕಾಣುವ ಲೋಪ. ಅದು ಗಾಳಿಯ ತೇವವನ್ನು ತಾನಾಗಿಯೇ ಹೀರಿಕೊಳ್ಳುವ ದ್ರವ. ಡಾಟ್-4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂಬ ನಿಯಮವಿದ್ದರೆ, ತೇವ ಹಿಡಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ನಾಲ್ಕು ತಿಂಗಳ ಮಳೆಗಾಲವುಳ್ಳ ಮುಂಬಯಿಯಲ್ಲಿ ಅದು ಬಲುಬೇಗ ತೇವ ಹಿಡಿಯುತ್ತದೆ. ಖಂಡಾಲಾ ಘಾಟಿಯ ಇಳಿಜಾರಿನಲ್ಲಿ ಕಾದ ಡಿಸ್ಕುಗಳ ಬಿಸಿಗೆ ಕುದಿದು ಆವಿಯಾದರೆ ಪೆಡಲು ನೆಲಕ್ಕೆ ಇಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಗಣೇಶ ಚೌತಿಗೋ ದಸರಕ್ಕೋ ಊರಿನ ಹಾದಿ ಹಿಡಿಯುವವರು, ಹೊಸ ಇಂಟರ್‌ಕೂಲರಿಗೆ ಹಣ ಕೂಡಿಸುವ ಮೊದಲು, ಕೆಲವು ನೂರು ರೂಪಾಯಿಗಳ ಈ ಆಯಿಲನ್ನು ಇದೇ ವಾರ ಬದಲಿಸಿಕೊಳ್ಳಲಿ.