ಕಂಡು ಮರೆಯಾದ ಬೀಜ: ಒಂದು ಪತ್ತೇದಾರಿ ಕಾದಂಬರಿಯ ವಿಚಾರ

ಪತ್ತೇದಾರಿ ಕಥೆಯೆಂದರೆ ಪಂಡಿತರಾದವರು ಮುಖ ತಿರುಹುವುದು ವಾಡಿಕೆ. ಇಂತಹ ಕಥೆಗಳಿಗೆ ಕುತೂಹಲವೊಂದೇ ಜೀವಾಳವೆಂದೂ, ಗುಟ್ಟು ಬಯಲಾದ ಮೇಲೆ ಅವು ಹಿಂಡಿದ ಕಬ್ಬಿನಂತೆ ನೀರಸವೆಂದೂ, ಮರಳಿ ಓದಿಸಿಕೊಳ್ಳಲಾರದ ಗ್ರಂಥವು ಕಾವ್ಯವೆನಿಸಲಾರದೆಂದೂ ಅವರು ಹೇಳುವರು. ಈ ಆಕ್ಷೇಪವು ಬಹುಮಟ್ಟಿಗೆ ಯುಕ್ತವಾದುದೇ. ಆದರೆ ಬಹುಮಟ್ಟಿಗೆ ಯುಕ್ತವಾದುದನ್ನು ಸರ್ವತ್ರ ಅನ್ವಯಿಸುವುದು ಶಾಸ್ತ್ರಜ್ಞರಿಗೆ ಒಪ್ಪುವ ಕ್ರಮವಲ್ಲ. ಅಮೆರಿಕಾದ ರಾಸ್ ಮ್ಯಾಕ್ಡೊನಾಲ್ಡನು 1965ರಲ್ಲಿ ಪ್ರಕಟಿಸಿದ ‘ದಿ ಫಾರ್ ಸೈಡ್ ಆಫ್ ದಿ ಡಾಲರ್’ ಎಂಬ ಕಾದಂಬರಿಯನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ಬ್ರಿಟನ್ನಿನ ಅಪರಾಧ ಕಥಾಲೇಖಕರ ಸಂಘವು ಇದಕ್ಕೆ ತನ್ನ ಚಿನ್ನದ ಕಠಾರಿಯ ಪಾರಿತೋಷಕವನ್ನಿತ್ತಿತು. ಪಾರಿತೋಷಕವು ಪ್ರಮಾಣವಲ್ಲವಷ್ಟೆ, ಗ್ರಂಥವನ್ನೇ ನೋಡೋಣ.

ಕಥಾಶರೀರವಿದು. ದಾರಿತಪ್ಪಿದ ಮಕ್ಕಳನ್ನು ತಿದ್ದುವುದಕ್ಕಾಗಿ ಕ್ಯಾಲಿಫೋರ್ನಿಯಾದ ಕಡಲ ತೀರದಲ್ಲಿ ‘ಲಗೂನಾ ಪೆರ್ಡಿಡಾ’ ಎಂಬ ಶಾಲೆಯೊಂದನ್ನು ಗ್ರಂಥಕಾರನು ಕಲ್ಪಿಸಿರುವನು. ಸ್ಪೇನಿನ ಭಾಷೆಯಲ್ಲಿ ಅದಕ್ಕೆ ಕಳೆದುಹೋದ ಕೊಳವೆಂದರ್ಥ, ಹೆಸರಿನಲ್ಲಿಯೇ ಧ್ವನಿಯುಂಟು. ಧನಿಕರು ವಾಸಿಸುವ ಒಂದು ಉಪನಗರದಿಂದ ಅಲ್ಲಿಗೆ ತಂದುಬಿಟ್ಟ ಟಾಮ್ ಹಿಲ್ಮನ್ ಎಂಬ 17 ವರ್ಷದ ಹುಡುಗನು ಕೆಲವೇ ದಿನಗಳಲ್ಲಿ ರಾತ್ರಿವೇಳೆ ಓಡಿಹೋಗುವನು. ಶಾಲೆಯ ಮುಖ್ಯಸ್ಥನು ಲೂ ಆರ್ಚರ್ ಎಂಬ ಖಾಸಗಿ ಪತ್ತೇದಾರನನ್ನು ನೇಮಿಸುವನು. ಅಷ್ಟರಲ್ಲಿ, ಹುಡುಗನು ಬೇಕಾದರೆ 25,000 ಡಾಲರು ಕೊಡಬೇಕೆಂದು ತಂದೆಗೆ ಟೆಲಿಫೋನು ಬರುತ್ತದೆ. ಕಳ್ಳರು ಕದ್ದೊಯ್ದರೆಂದು ಎಲ್ಲರೂ ತಿಳಿದಿರಲು, ಹುಡುಗನು ಕ್ಯಾರಲ್ ಎಂಬ ಹೆಂಗಸಿನೊಡನೆ ಸ್ವೇಚ್ಛೆಯಿಂದಲೇ ಇದ್ದನೆಂದು ಆರ್ಚರನು ಕಂಡುಕೊಳ್ಳುವನು. ಆಕೆಯೋ ಕೊಲೆಯಾಗಿ ಬಿದ್ದಿರುವಳು. ಆಕೆಯೇ ಅವನ ಹೆತ್ತ ತಾಯಿ. ಟಾಮನು ಹಿಲ್ಮನ್ ದಂಪತಿಗಳ ಸಾಕುಮಗ. ಆದರೆ ಸಾಕುತಂದೆಯೆನಿಸಿಕೊಂಡ ರಾಲ್ಫ್ ಹಿಲ್ಮನನೇ ಅವನ ಜನಕನೆಂಬುದು ಕಟ್ಟಕಡೆಯ ಗುಟ್ಟು. ಇದನ್ನು ತನಗೆ ಮರೆಮಾಡಿದ್ದನೆಂದರಿತ ಹೆಂಡತಿ ಇಲೇನಳು ಕೊಲೆಗಾರ್ತಿಯಾಗುವಳು.

ಕಾಣೆಯಾದವರನ್ನು ಅರಸುವ ಕಥೆ ನಮಗೆ ಹೊಸದಲ್ಲ. ಸೀತಾನ್ವೇಷಣವನ್ನು ಬಿಡೋಣ, ಹನುಮಂತನು ಸಂಬಳದ ದೂತನಲ್ಲ. ಆದರೆ ನಳೋಪಾಖ್ಯಾನದಲ್ಲಿ ಭೀಮರಾಜನು ಗೋವುಗಳನ್ನೂ ಅಗ್ರಹಾರವನ್ನೂ ಕೊಡುವೆನೆಂದು ಹೇಳಿ ಬ್ರಾಹ್ಮಣರನ್ನು ಮಗಳು ಅಳಿಯಂದಿರ ಶೋಧಕ್ಕೆ ಅಟ್ಟುವನಷ್ಟೆ. ಸುದೇವನು ಚೇದಿಯ ಅರಮನೆಯಲ್ಲಿ ದಮಯಂತಿಯ ಹುಬ್ಬುಗಳ ನಡುವಣ ಮಚ್ಚೆಯನ್ನು ಗುರುತಿಸುವನು. ಪರ್ಣಾದನು ಆಕೆ ಹೇಳಿಕೊಟ್ಟ ಮಾತುಗಳನ್ನು ಸಭೆಸಭೆಗಳಲ್ಲಿ ನುಡಿಯುತ್ತ ಹೋಗಿ, ಉತ್ತರ ಕೊಟ್ಟ ಬಾಹುಕನ ಸುದ್ದಿಯನ್ನು ತರುವನು. ಇವರೂ ಒಂದರ್ಥದಲ್ಲಿ ಖಾಸಗಿ ಪತ್ತೇದಾರರೇ. (ಪರ್ಣಾದನ ಉಪಾಯವು ಆರ್ಚರನ ಎಷ್ಟೋ ಉಪಾಯಗಳಿಗಿಂತ ಜಾಣತನದ್ದೆಂದು ನನ್ನ ಮತ.) ಆದರೆ ಕಳೆದವರು ಸಿಕ್ಕೊಡನೆ ಅವರ ಕೆಲಸ ತೀರಿತು. ಕಳುಹಿಸಿದವನನ್ನೇ ಪ್ರಶ್ನಿಸುವ ಪ್ರಮೇಯ ಅವರಿಗೆ ಬರಲಿಲ್ಲ. ಆರ್ಚರನಿಗಾದರೋ ಹುಡುಗನ ಇರವಿಗಿಂತ ಅವನ ಮನೆಯವರ ಮೌನವೇ ದೊಡ್ಡ ಒಗಟಾಗುತ್ತದೆ. ಮಗನನ್ನು ಹುಡುಕಿಕೊಡಬೇಕೆನ್ನುವ ತಂದೆತಾಯಿಗಳು, ಅವನನ್ನು ಆ ಶಾಲೆಗೆ ಏಕೆ ಸೇರಿಸಿದಿರೆಂದು ಕೇಳಿದರೆ ಬಾಯಿಬಿಡುವುದಿಲ್ಲ. ಇಷ್ಟೇ ಅಲ್ಲ, ಕಾಣೆಯಾದವನು ತಾನೂ ಒಬ್ಬ ಅನ್ವೇಷಕ. ಅವನು ಮನೆಯಿಂದ ತಪ್ಪಿಸಿಕೊಂಡವನಲ್ಲ, ತನ್ನ ಹುಟ್ಟನ್ನು ಅರಸಿ ಹೊರಟವನು. ಹುಡುಕುವ ಹುಡುಗನನ್ನು ಇನ್ನೊಬ್ಬನು ಹುಡುಕುವ ಈ ಇಮ್ಮಡಿ ಅನ್ವೇಷಣೆಯಲ್ಲಿ ಗ್ರಂಥದ ಸ್ವಾರಸ್ಯವೆಲ್ಲ ಅಡಗಿದೆ.

ದಶರೂಪಕವನ್ನು ಪಾಠ ಹೇಳುವ ಉಪಾಧ್ಯಾಯರು ಇಲ್ಲಿ ಗರ್ಭಸಂಧಿಯ ಲಕ್ಷಣವನ್ನು ನೆನೆಯಬೇಕು. ಒಮ್ಮೆ ಕಂಡು ಮರೆಯಾದ ಬೀಜವನ್ನು ಮತ್ತೆ ಮತ್ತೆ ಅರಸುವುದೇ ಗರ್ಭವೆಂದು ಧನಂಜಯನ ಅಭಿಪ್ರಾಯ. ನಾಟಕದಲ್ಲಿ ಇದು ಐದು ಸಂಧಿಗಳಲ್ಲಿ ಒಂದು ಮಾತ್ರ. ಪತ್ತೇದಾರಿ ಕಥೆಯಲ್ಲಿ ಅದೇ ಬೆಳೆದು ಉಳಿದ ಸಂಧಿಗಳನ್ನೆಲ್ಲ ನುಂಗುತ್ತದೆ. ಸಾಮಾನ್ಯ ಲೇಖಕರ ಕೈಯಲ್ಲಿ ಆ ಬೀಜವು ಯಾವುದೋ ರತ್ನಹಾರ, ಯಾವುದೋ ಉಯಿಲು. ಪ್ರಕೃತ ಗ್ರಂಥದಲ್ಲಿ ಬೀಜ, ಗರ್ಭ ಎಂಬ ಶಬ್ದಗಳು ವಾಚ್ಯಾರ್ಥದಲ್ಲಿಯೇ ಸಲ್ಲುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಸೇನೆಯ ಅಧಿಕಾರಿಯಾಗಿದ್ದ ಹಿಲ್ಮನನಿಂದ ಕ್ಯಾರಲಳಿಗೆ ಉಂಟಾದ ಗರ್ಭವೇ ಕಥೆಯ ಬೀಜ. ಅವರ ಸಮಾಗಮಕ್ಕೆ ಸಾಕ್ಷಿಯಾಗಿದ್ದ ಬಾರ್ಸಿಲೋನಾ ಎಂಬ ಹೋಟೆಲು ಈಗ ಹಾಳುಬಿದ್ದಿದೆ. ಪತ್ತೇದಾರನು ಅಲ್ಲಿಗೇ ಮರಳಿ ಬರುವನು. ಉದ್ದೀಪನವಿಭಾವವೆಂಬುದಕ್ಕೆ ಇದಕ್ಕಿಂತ ಒಪ್ಪುವ ಸ್ಥಳವನ್ನು ಈಚಿನ ಗದ್ಯದಲ್ಲಿ ನಾನು ಕಂಡುದು ಕಡಿಮೆ.

ಇನ್ನು ಪುನಃಪಠನದ ಪ್ರಶ್ನೆ. ಉತ್ತರರಾಮಚರಿತದಲ್ಲಿ ಕುಶಲವರು ಯಾರೆಂಬುದು ಸಾಮಾಜಿಕರಿಗೆ ಮೊದಲೇ ಗೊತ್ತು, ರಾಮನಿಗೆ ಗೊತ್ತಿಲ್ಲ. ರಸವು ಅಲ್ಲಿ ಹುಟ್ಟುವುದು ಕುತೂಹಲದಿಂದಲ್ಲ, ನಮ್ಮ ತಿಳಿವಿಗೂ ರಾಮನ ಅರಿಯದಿಕೆಗೂ ಇರುವ ಅಂತರದಿಂದ. ಈ ಕಾದಂಬರಿಯನ್ನು ಎರಡನೆಯ ಸಲ ಓದುವವನು ಇದೇ ನೆಲೆಗೆ ಬರುವನು. ಮೊದಲ ಓದಿನಲ್ಲಿ ಧನಿಕನ ಗರ್ವವೆಂದು ತೋರಿದ ಹಿಲ್ಮನನ ಮೌನವು ಈಗ ಭಯವೆಂದು ತಿಳಿಯುತ್ತದೆ. ಇಲೇನಳ ಒಂದೊಂದು ಮಾತೂ ಬೇರೆ ಬಣ್ಣ ತಾಳುತ್ತದೆ. ಪರರ ಮಗುವೆಂದು ನಂಬಿ ಗಂಡನ ಪರಸ್ತ್ರೀಯ ಮಗುವನ್ನು ಬೆಳೆಸಿದವಳ ಸಂಕಟಕ್ಕೆ ಸಮಾನವಾದುದು ನಮ್ಮ ಪುರಾಣಗಳಲ್ಲಿ ಸುಲಭವಾಗಿ ಹೊಳೆಯದು. ಪಂಪನ ಕರ್ಣನಿಗೆ ಕೃಷ್ಣನು ಜನ್ಮವೃತ್ತಾಂತವನ್ನು ತಿಳಿಸಿದಾಗ ನಮ್ಮ ಕನಿಕರವು ಕರ್ಣನ ಕಡೆಗೇ ಹರಿಯುತ್ತದೆ; ಆ ಸುದ್ದಿಯಿಂದ ರಾಧೆಗೆ ಏನಾದೀತೆಂದು ನಾವು ಕೇಳುವುದಿಲ್ಲ. ಮ್ಯಾಕ್ಡೊನಾಲ್ಡನು ಕೇಳಿರುವನು. ಗುಟ್ಟು ತಿಳಿದ ಮೇಲೆಯೂ, ತಿಳಿದುದರಿಂದಲೇ, ಕರುಣವು ಪುಷ್ಟವಾಗುವುದಾದರೆ ಪೂರ್ವೋಕ್ತವಾದ ಆಕ್ಷೇಪವು ಈ ಗ್ರಂಥದ ಮಟ್ಟಿಗೆ ನಿಲ್ಲುವುದಿಲ್ಲ.

ದೋಷಗಳಿಲ್ಲವೆಂದಲ್ಲ. ಪಾತ್ರಗಳ ಸಂಖ್ಯೆ ಮಿತಿಮೀರಿದೆ. ಆರ್ಚರನ ಹಳೆಯ ಪ್ರಣಯಿನಿಯಾದ ಸುಸಾನಾ ಡ್ರೂ ಎಂಬಾಕೆಗೆ ಹಿಲ್ಮನನ ಪರಿಚಯವೂ ಕ್ಯಾರಲಳ ಪರಿಚಯವೂ ಪೂರ್ವದಲ್ಲಿಯೇ ಇತ್ತೆಂಬುದು ಶುದ್ಧ ಕಾಕತಾಳೀಯ. ಕಾರ್ಯಕಾರಣಗಳ ಕಟ್ಟನ್ನೇ ನಂಬಿದ ಕಥೆಗೆ ಇದು ಸಲ್ಲದು. ಉಪಮೆಗಳ ಅತಿಪ್ರಸಂಗವೂ ಇದೆ.

ಕವಿಯ ಬಾಳನ್ನು ಕಾವ್ಯಕ್ಕೆ ಪ್ರಮಾಣವಾಗಿ ತರುವುದು ನಮ್ಮ ಆಲಂಕಾರಿಕರ ರೂಢಿಯಲ್ಲ. ಆದರೂ ಕ್ರೌಂಚವಧದ ಪ್ರಸಂಗವನ್ನು ಅವರೇ ಎತ್ತಿ ಆಡಿರುವುದರಿಂದ ಒಂದು ಮಾತಿಗೆ ಅವಕಾಶವುಂಟು. ರಾಸ್ ಮ್ಯಾಕ್ಡೊನಾಲ್ಡ್ ಎಂಬುದು ಕೆನೆತ್ ಮಿಲರನ (1915–1983) ಕಾವ್ಯನಾಮ. ಕೋಲ್‌ರಿಜ್ ಕವಿಯ ವಿಮರ್ಶೆಯನ್ನು ಕುರಿತು ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಪ್ರಬಂಧ ಬರೆದು ಡಾಕ್ಟರೇಟ್ ಪಡೆದ ವಿದ್ವಾಂಸನೀತ. ಬಾಲ್ಯದಲ್ಲಿ ತಂದೆ ಬಿಟ್ಟುಹೋದುದರಿಂದ ಬಂಧುಗಳ ಆಶ್ರಯದಲ್ಲಿ ಬೆಳೆದವನು. 1959ರಲ್ಲಿ ಈತನ ಮಗಳು ಕಾಲೇಜಿನಿಂದ ಕಾಣೆಯಾದಳು. ತಂದೆಯು ಪತ್ರಿಕೆಗಳ ಮೂಲಕ ಮೊರೆಯಿಟ್ಟು, ಖಾಸಗಿ ಪತ್ತೇದಾರರ ನೆರವಿನಿಂದ ಅರಸಿದನು. ಒಂದು ವಾರಕ್ಕೂ ಮೇಲ್ಪಟ್ಟು ಕಾಲ ಕಳೆದ ಬಳಿಕ ಅವಳು ಸಿಕ್ಕಿದಳು. ಆರು ವರ್ಷಗಳ ಮೇಲೆ ಬಂದ ಈ ಗ್ರಂಥದಲ್ಲಿ ಮಗಳ ಬದಲು ಮಗನಿರುವನು. ಭಟ್ಟನಾಯಕನು ಹೇಳುವ ಸಾಧಾರಣೀಕರಣವು ಇಲ್ಲಿ ನಡೆದಿರುವ ಬಗೆಯನ್ನು ಗಮನಿಸಬೇಕು: ತಂದೆಯ ಅಪರಾಧವನ್ನೆಲ್ಲ ಗ್ರಂಥಕಾರನು ಹಿಲ್ಮನನಿಗೆ ಕೊಟ್ಟು, ಹುಡುಕಾಟದ ಬಳಲಿಕೆಯನ್ನು ಆರ್ಚರನ ಪಾಲಿಗೆ ಬಿಟ್ಟಿರುವನು. ಆರ್ಚರನಿಗೆ ಹೆಂಡತಿ ಬಿಟ್ಟುಹೋಗಿರುವಳು; ಮಕ್ಕಳಿಲ್ಲ.