‘ದತ್ತಾಂಶ ನಷ್ಟವಿಲ್ಲ’: ಈ ಮಾತಿನ ಷರತ್ತುಗಳೇನು?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಯುಇಎಫ್‌ಐ ವ್ಯವಸ್ಥೆ ಬೇಕು. ಹೀಗಾಗಿ ಶಾಲಾ ಕಾಲೇಜುಗಳ ಅನೇಕ ಗಣಕಗಳಲ್ಲಿ ಎಂಬಿಆರ್ ಮಾದರಿಯ ಡಿಸ್ಕನ್ನು ಜಿಪಿಟಿ ಮಾದರಿಗೆ ಪರಿವರ್ತಿಸುವ ಪ್ರಶ್ನೆ ಎದುರಾಗಿದೆ. 2017ರಿಂದ ವಿಂಡೋಸ್‌ನೊಂದಿಗೇ ಬರುತ್ತಿರುವ ‘ಎಂಬಿಆರ್2ಜಿಪಿಟಿ’ ತಂತ್ರಾಂಶವು ದತ್ತಾಂಶವನ್ನು ಅಳಿಸದೆ ಈ ಕೆಲಸ ಮಾಡುತ್ತದೆ ಎನ್ನುತ್ತಾರೆ. ಈ ಮಾತು ಎಷ್ಟರ ಮಟ್ಟಿಗೆ ನಿಜ?

ಡಿಸ್ಕಿನ ವಿಭಾಗ ಕೋಷ್ಟಕವು ಪುಸ್ತಕದ ಪರಿವಿಡಿಯಂತೆ. ಯಾವ ವಿಭಾಗ ಎಲ್ಲಿ ಆರಂಭವಾಗುತ್ತದೆ, ಎಷ್ಟು ಉದ್ದವಿದೆ ಎಂಬುದು ಅದರಲ್ಲಿರುತ್ತದೆ. 1983ರಲ್ಲಿ ಬಂದ ಎಂಬಿಆರ್ ಇದಕ್ಕೆ ಮೊದಲ ಸೆಕ್ಟರಿನ 64 ಬೈಟುಗಳನ್ನು ಮೀಸಲಿಟ್ಟಿದೆ. ತಲಾ 16 ಬೈಟಿನ ನಾಲ್ಕೇ ನಮೂದುಗಳು. ಸೆಕ್ಟರ್ ಸಂಖ್ಯೆಗೆ 32 ಬಿಟ್ ಮಾತ್ರ ಇರುವುದರಿಂದ, 512 ಬೈಟಿನ ಸೆಕ್ಟರುಗಳಲ್ಲಿ ಸುಮಾರು 2.2 ಲಕ್ಷ ಕೋಟಿ ಬೈಟುಗಳೇ ಅದರ ಮಿತಿ. ಜಿಪಿಟಿಯಲ್ಲಿ 64 ಬಿಟ್, ಸಾಮಾನ್ಯವಾಗಿ 128 ನಮೂದುಗಳು, ದೋಷ ಪತ್ತೆಗೆ ಸಿಆರ್‌ಸಿ ಸಂಖ್ಯೆ, ಡಿಸ್ಕಿನ ಕೊನೆಯಲ್ಲಿ ಇನ್ನೊಂದು ಪ್ರತಿ ಇವೆ. ಪರಿವಿಡಿಯನ್ನು ಹೊಸದಾಗಿ ಬರೆದರೆ ಅಧ್ಯಾಯಗಳು ಕದಲಬೇಕಿಲ್ಲ. ಆದ್ದರಿಂದ ಪರಿವರ್ತನೆಯ ಮೂಲ ಕಲ್ಪನೆ ಸರಿಯಾದುದೇ.

ತಂತ್ರಾಂಶದ ಮೆಚ್ಚತಕ್ಕ ಗುಣವೆಂದರೆ ಪೂರ್ವಪರೀಕ್ಷೆ. ‘ವ್ಯಾಲಿಡೇಟ್’ ಆದೇಶ ಕೊಟ್ಟರೆ ಅದು ಏನನ್ನೂ ಬದಲಿಸದೆ ಡಿಸ್ಕನ್ನು ಪರಿಶೀಲಿಸುತ್ತದೆ. ಆರಂಭದಲ್ಲಿ 34, ಕೊನೆಯಲ್ಲಿ 33 ಸೆಕ್ಟರುಗಳಷ್ಟು ಜಾಗ ಖಾಲಿ ಇರಬೇಕು. ಪ್ರಾಥಮಿಕ ವಿಭಾಗಗಳು ಮೂರನ್ನು ಮೀರಬಾರದು. ವಿಸ್ತೃತ ವಿಭಾಗ ಇರಲೇಬಾರದು. ಒಂದು ಷರತ್ತು ತಪ್ಪಿದರೂ ಪರಿವರ್ತನೆ ಮುಂದುವರಿಯುವುದಿಲ್ಲ.

ಕೊರತೆಗಳೂ ಇವೆ. ಯುಇಎಫ್‌ಐ ಕಡತಗಳಿಗೆ ಜಾಗ ಸಾಲದಿದ್ದರೆ ತಂತ್ರಾಂಶವು ವಿಂಡೋಸ್ ಇರುವ ವಿಭಾಗವನ್ನೇ ಕುಗ್ಗಿಸುತ್ತದೆ. ಅಂದರೆ ಆಗ ಬದಲಾಗುವುದು ಪರಿವಿಡಿ ಮಾತ್ರವಲ್ಲ. ಮತ್ತೆ ಎಂಬಿಆರ್‌ಗೆ ಮರಳುವ ದಾರಿಯನ್ನು ಅದು ಕೊಡುವುದಿಲ್ಲ. ಗಣಕಕ್ಕೆ ಯುಇಎಫ್‌ಐ ಸಾಮರ್ಥ್ಯ ಇದೆಯೇ ಎಂದು ಖಚಿತಪಡಿಸಿಕೊಳ್ಳುವುದು, ಪರಿವರ್ತನೆಯ ನಂತರ ಫರ್ಮ್‌ವೇರನ್ನು ಆ ವಿಧಾನಕ್ಕೆ ಬದಲಿಸುವುದು ಎರಡೂ ಬಳಕೆದಾರರ ಹೊಣೆ. ಇದನ್ನು ಮರೆತರೆ ಕಡತಗಳೆಲ್ಲ ಇದ್ದೂ ಗಣಕ ಆರಂಭವಾಗುವುದಿಲ್ಲ. ಪೂರ್ವಪರೀಕ್ಷೆಯಲ್ಲಿ ತೇರ್ಗಡೆಯಾದ ಮಾತ್ರಕ್ಕೆ ಡಿಸ್ಕ್ ಸುಸ್ಥಿತಿಯಲ್ಲಿದೆ ಎಂದಾಗಲಿ, ಬರೆಯುವ ನಡುವೆ ವಿದ್ಯುತ್ ಹೋಗುವುದಿಲ್ಲ ಎಂದಾಗಲಿ ಅರ್ಥವಲ್ಲ. ಇದೇ ಕೆಲಸಕ್ಕೆಂದು ಕೆಲವರು ಸೂಚಿಸುವ ‘ಡಿಸ್ಕ್‌ಪಾರ್ಟ್’ ವಿಧಾನವಂತೂ ಬೇರೆಯೇ. ಅದಕ್ಕೆ ವಿಭಾಗಗಳಿಲ್ಲದ ಡಿಸ್ಕ್ ಬೇಕು. ಅದರ ‘ಕ್ಲೀನ್’ ಆದೇಶ ಇರುವ ಕೋಷ್ಟಕವನ್ನೇ ಅಳಿಸಿಬಿಡುತ್ತದೆ.

ಓಮ್‌ನ ನಿಯಮವನ್ನು ಪಾಠ ಮಾಡುವಾಗ ‘ತಾಪ ಸ್ಥಿರವಾಗಿದ್ದರೆ’ ಎಂಬ ಷರತ್ತನ್ನು ನಾವು ಬಿಡುವುದಿಲ್ಲ. ‘ದತ್ತಾಂಶ ನಷ್ಟವಿಲ್ಲ’ ಎಂಬ ಹೇಳಿಕೆಯೂ ಅಂಥದೇ; ಷರತ್ತುಗಳೊಂದಿಗೆ ಮಾತ್ರ ನಿಜ. ನಿಮ್ಮ ಪ್ರಯೋಗಾಲಯದ ಗಣಕದಲ್ಲಿ ಅಂಕಪಟ್ಟಿಗಳೂ ವಿದ್ಯಾರ್ಥಿಗಳ ಯೋಜನಾ ವರದಿಗಳೂ ಇದ್ದರೆ, ಮೊದಲು ಅವುಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇಟ್ಟು, ಆ ಪ್ರತಿ ತೆರೆಯುತ್ತದೆಯೇ ಎಂದು ಇನ್ನೊಂದು ಗಣಕದಲ್ಲಿ ಪರೀಕ್ಷಿಸಿ. ಪರಿವರ್ತನೆಯ ಆದೇಶ ಆಮೇಲಿನದು.