ಡೀಪ್ ಬ್ಲೂ ಮತ್ತು ಇಂದಿನ ಚದುರಂಗದ ಪ್ರೋಗ್ರಾಂಗಳು: ತುಲನೆಯ ಅಳತೆಗೋಲು

ಅಂಗೈಯಲ್ಲಿ ಹಿಡಿಯುವ ಫೋನಿನಲ್ಲಿರುವ ಚದುರಂಗದ ಪ್ರೋಗ್ರಾಂ ಇಂದು ಐ.ಬಿ.ಎಂ. ಸಂಸ್ಥೆಯ ಡೀಪ್ ಬ್ಲೂ ಯಂತ್ರವನ್ನು ಸುಲಭವಾಗಿ ಸೋಲಿಸಬಲ್ಲದೆಂಬ ಮಾತು ಸಾಮಾನ್ಯವಾಗಿದೆ. ಈ ಮಾತು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅದಕ್ಕೆ ಆಧಾರವಾಗಿ ಕೊಡುವ ಕಾರಣಗಳು ಪರೀಕ್ಷೆಗೆ ನಿಲ್ಲುವುವೇ ಎಂಬುದು ವಿಚಾರಣೀಯ.

ಮೊದಲನೆಯ ಕಾರಣ ವೇಗ. ಗಣಕಗಳ ವೇಗ ಹೆಚ್ಚಿತು, ಆದುದರಿಂದ ಆಟವೂ ಹೆಚ್ಚಿತು ಎಂಬುದು ಈ ವಾದ. ಅಂಕಿಗಳು ಇದನ್ನು ಒಪ್ಪುವುದಿಲ್ಲ. ೧೯೯೭ರ ಡೀಪ್ ಬ್ಲೂ ಚದುರಂಗಕ್ಕೆಂದೇ ನಿರ್ಮಿಸಿದ ೪೮೦ ಚಿಪ್‌ಗಳ ನೆರವಿನಿಂದ ಸೆಕೆಂಡಿಗೆ ಸುಮಾರು ೨೦ ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿತ್ತು. ೨೦೦೬ರಲ್ಲಿ ಬಾನ್ ನಗರದಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ಅವರನ್ನು ೪–೨ರಿಂದ ಸೋಲಿಸಿದ ಡೀಪ್ ಫ್ರಿಟ್ಸ್ ನೋಡುತ್ತಿದ್ದುದು ಸುಮಾರು ೮೦ ಲಕ್ಷ ಸ್ಥಿತಿಗಳನ್ನು ಮಾತ್ರ. ೨೦೧೭ರ ಆಲ್ಫಾಜೀರೊ ಸೆಕೆಂಡಿಗೆ ೮೦ ಸಾವಿರ ಸ್ಥಿತಿಗಳನ್ನು ನೋಡಿ, ೭ ಕೋಟಿ ನೋಡುತ್ತಿದ್ದ ಸ್ಟಾಕ್‌ಫಿಶ್‌ನೊಡನೆ ನೂರು ಆಟಗಳನ್ನಾಡಿತು. ೨೮ನ್ನು ಗೆದ್ದು ೭೨ನ್ನು ಸಮ ಮಾಡಿಕೊಂಡಿತು, ಒಂದನ್ನೂ ಸೋಲಲಿಲ್ಲ. ಆ ಪಂದ್ಯದ ನಿಯಮಗಳು ಸ್ಟಾಕ್‌ಫಿಶ್‌ಗೆ ಅನುಕೂಲವಾಗಿರಲಿಲ್ಲವೆಂಬ ಆಕ್ಷೇಪಣೆ ನ್ಯಾಯವಾದುದೇ. ಆಲ್ಫಾಜೀರೊ ಒಂದೊಂದು ಸ್ಥಿತಿಗೂ ಬಹಳ ಹೆಚ್ಚಿನ ಗಣನೆಯನ್ನು ವೆಚ್ಚಮಾಡುತ್ತಿತ್ತೆಂಬುದನ್ನೂ ಮರೆಯಬಾರದು. ಆದರೂ ನೋಡಿದ ಸ್ಥಿತಿಗಳ ಸಂಖ್ಯೆ ಆಟದ ಬಲಕ್ಕೆ ಅಳತೆಗೋಲಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಎರಡನೆಯ ಕಾರಣ ಪಂದ್ಯದ ಫಲಿತಾಂಶ. ಡೀಪ್ ಬ್ಲೂ ೧೯೯೬ರಲ್ಲಿ ಫಿಲಡೆಲ್ಫಿಯದಲ್ಲಿ ಗ್ಯಾರಿ ಕಾಸ್ಪರೋವ್ ಅವರಿಗೆ ೪–೨ರಿಂದ ಸೋತು, ೧೯೯೭ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ೩½–೨½ರಿಂದ ಗೆದ್ದಿತು. ಎರಡನೆಯ ಪಂದ್ಯದ ಎರಡನೆಯ ಆಟವನ್ನು ಕಾಸ್ಪರೋವ್ ಅವರು ಬಿಟ್ಟುಕೊಟ್ಟರು. ಮೇಲಿಂದ ಮೇಲೆ ಚೆಕ್ ಕೊಟ್ಟು ಅದನ್ನು ಸಮ ಮಾಡಿಕೊಳ್ಳುವ ದಾರಿಯಿತ್ತೆಂದು ವಿಶ್ಲೇಷಕರು ಬೆನ್ನಿಗೇ ತೋರಿಸಿದರು. ಕೊನೆಯ ಆಟದಲ್ಲಿ ಯಂತ್ರವು ಕುದುರೆಯನ್ನು ಬಲಿಕೊಟ್ಟ ನಿರ್ಣಾಯಕ ನಡೆ ಅದರ ಸ್ವಂತ ಶೋಧವಲ್ಲ. ಪರಿಣತರು ಮೊದಲೇ ಸಿದ್ಧಪಡಿಸಿದ್ದ ಆರಂಭದ ನಡೆಗಳ ಸಂಗ್ರಹದಿಂದ ಬಂದುದು. ಎಂದಮೇಲೆ ಈ ಅಂಕಗಳಲ್ಲಿ ಯಂತ್ರದ ಬಲದೊಡನೆ ಎದುರಾಳಿಯ ಮನಃಸ್ಥಿತಿಯೂ ಸಹಾಯಕರ ಶ್ರಮವೂ ಬೆರೆತಿವೆ.

ಹಾಗಾದರೆ ಸಾಕ್ಷ್ಯವೆಲ್ಲಿ? ಇಲ್ಲಿಯೇ ಚರಿತ್ರಕಾರನ ಕಷ್ಟವಿದೆ. ಕಾಸ್ಪರೋವ್ ಅವರು ಮರುಪಂದ್ಯವನ್ನು ಕೇಳಿದರು, ಸಂಸ್ಥೆ ಒಪ್ಪಲಿಲ್ಲ. ಯಂತ್ರವನ್ನು ಕಳಚಲಾಯಿತು. ಅದರ ಒಂದು ಭಾಗ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯಕ್ಕೂ ಮತ್ತೊಂದು ಕ್ಯಾಲಿಫೋರ್ನಿಯದ ಗಣಕ ಇತಿಹಾಸ ಸಂಗ್ರಹಾಲಯಕ್ಕೂ ಸೇರಿದುವು. ಈ ಎರಡು ಪಂದ್ಯಗಳ ಹನ್ನೆರಡು ಆಟಗಳೂ, ಸಂಸ್ಥೆ ಆಮೇಲೆ ಪ್ರಕಟಿಸಿದ ಗಣನೆಯ ದಾಖಲೆಗಳೂ ನಮಗೆ ಉಳಿದ ಮುಖ್ಯ ಆಕರಗಳು. ಇಷ್ಟರಿಂದ ಅದಕ್ಕೆ ನಿಖರವಾದ ಶ್ರೇಯಾಂಕವನ್ನು ಕಟ್ಟಿ ಇಂದಿನವುಗಳ ಪಕ್ಕದಲ್ಲಿಡುವುದು ಸಾಹಸವೇ ಸರಿ. ಡೀಪ್ ಬ್ಲೂ ಒಂದೇ ಕಡೆ ನಿಂತ ಶಿಲಾಶಾಸನದಂತೆ, ಒಡೆದರೆ ಮತ್ತೊಂದಿಲ್ಲ. ಸ್ಟಾಕ್‌ಫಿಶ್ ಓಲೆಗರಿಯ ಗ್ರಂಥದಂತೆ. ಯಾರು ಬೇಕಾದರೂ ಪ್ರತಿಮಾಡಿಕೊಳ್ಳಬಹುದು, ತಿದ್ದಬಹುದು, ಪಾಠಗಳನ್ನು ಹೋಲಿಸಬಹುದು. ಸಾವಿರಾರು ಆಟಗಳಿಂದ ಅದನ್ನು ಪರೀಕ್ಷಿಸುವುದು ಸಾಧ್ಯವಾದುದೇ ಇದರಿಂದ.

ನಮ್ಮ ದೃಷ್ಟಿಯಲ್ಲಿ ನಿಜವಾದ ವ್ಯತ್ಯಾಸವಿರುವುದು ಸ್ಥಿತಿಯ ಬೆಲೆಕಟ್ಟುವ ಬಗೆಯಲ್ಲಿ. ಡೀಪ್ ಬ್ಲೂ ಸುಮಾರು ಎಂಟು ಸಾವಿರ ಲಕ್ಷಣಗಳನ್ನು ಪರಿಗಣಿಸುತ್ತಿತ್ತು. ಯಾವುವು ಲಕ್ಷಣಗಳೆಂಬುದನ್ನು ನಿರ್ಣಯಿಸಿದವರು ಮನುಷ್ಯರು. ಅವನ್ನು ಗುರುತಿಸುವ ವ್ಯವಸ್ಥೆ ಚಿಪ್ಪಿನಲ್ಲಿಯೇ ಅಡಕವಾಗಿತ್ತು. ಆಲ್ಫಾಜೀರೊ ನಿಯಮಗಳನ್ನಷ್ಟೇ ತಿಳಿದು, ತನ್ನೊಡನೆ ತಾನೇ ಆಡಿ ಆ ವಿವೇಚನೆಯನ್ನು ಗಳಿಸಿತು. ೨೦೨೦ರಲ್ಲಿ ಸ್ಟಾಕ್‌ಫಿಶ್ ಕೂಡ ಕಲಿತು ಪಳಗಿದ ನರಜಾಲವನ್ನು ಅಳವಡಿಸಿಕೊಂಡಿತು. ಆದರೆ ಹಳೆಯ ಶೋಧನಕ್ರಮವನ್ನು ಅದು ತ್ಯಜಿಸಲಿಲ್ಲ: ನಿಷ್ಪ್ರಯೋಜಕ ಕವಲುಗಳನ್ನು ಕತ್ತರಿಸುತ್ತ ಮುಂದಿನ ನಡೆಗಳನ್ನು ಹುಡುಕುವ, ಡೀಪ್ ಬ್ಲೂ ಸಹ ಅನುಸರಿಸಿದ ಆ ಪದ್ಧತಿ ಅದರಲ್ಲಿ ಇಂದಿಗೂ ಇದೆ.

ಆದುದರಿಂದ ಹೊಸದು ಹಳೆಯದನ್ನು ಅಳಿಸಿಹಾಕಿತೆಂಬ ಮಾತನ್ನು ತಿದ್ದಿಕೊಳ್ಳಬೇಕು. ಇಂದಿನ ಪ್ರೋಗ್ರಾಂಗಳು ಬಲಿಷ್ಠವೆಂಬುದರಲ್ಲಿ ಸಂದೇಹವಿಲ್ಲ. ಹುಡುಕುವ ಕ್ರಮ ಪರಂಪರೆಯಿಂದ ಬಂದುದು, ಬೆಲೆಕಟ್ಟುವ ಕ್ರಮ ನೂತನವಾದುದು. ಇವೆರಡನ್ನು ಬೇರ್ಪಡಿಸಿ ನೋಡದ ತುಲನೆ ಹಳೆಯ ಯಂತ್ರಕ್ಕೂ ನ್ಯಾಯ ಸಲ್ಲಿಸದು, ಹೊಸದನ್ನೂ ಅರ್ಥಮಾಡಿಕೊಡದು.